ಶೇಕಡಾ ಎಷ್ಟು ಎಂದರೆ ಸಾಲದು, ವರದಿ ಕೊಡಿ
ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಕೃತಿಚೌರ್ಯ ಪತ್ತೆ ಮಾಡುವ ಸಾಫ್ಟ್‌ವೇರ್ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಅಂಕಣವನ್ನು ಮೀಸಲಿಟ್ಟಿದ್ದೇವೆ. ಬರೆದವರಲ್ಲಿ ಹೆಚ್ಚಿನವರು ಸಂಶೋಧನಾ ವಿದ್ಯಾರ್ಥಿಗಳು. ಎಲ್ಲರ ಅಳಲೂ ಹೆಚ್ಚುಕಡಿಮೆ ಒಂದೇ: ಬರಹ ಬೇರೆಡೆಯ ಬರಹಗಳಿಗೆ ಶೇಕಡಾ ಎಷ್ಟು ಹೊಂದುತ್ತದೆ ಎಂಬ ಅಂಕಿ ಹೇಳುತ್ತಾರೆ, ಅದು ಎಲ್ಲಿಂದ ಬಂತು ಎಂದು ಹೇಳುವುದಿಲ್ಲ. ಉತ್ತರಗಳಲ್ಲಿ ‘ನಿಯಮಾವಳಿ’ ಎಂದು ಬಂದಲ್ಲೆಲ್ಲ, ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕೃತಿಚೌರ್ಯ ತಡೆಗಟ್ಟಲು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ಜುಲೈನಲ್ಲಿ ಹೊರಡಿಸಿದ ನಿಯಮಾವಳಿ ಎಂದು ತಿಳಿಯಬೇಕು.

ಪ್ರಶ್ನೆ: ನನ್ನ ಮಹಾಪ್ರಬಂಧದಲ್ಲಿ ಶೇ. 31ರಷ್ಟು ಹೋಲಿಕೆ ಇದೆ ಎಂದು ವಿಭಾಗದಿಂದ ಫೋನ್ ಮಾಡಿ ತಿಳಿಸಿದರು. ವರದಿ ಕೇಳಿದರೆ, ‘ಅದು ಆಫೀಸಿನ ದಾಖಲೆ, ವಿದ್ಯಾರ್ಥಿಗಳಿಗೆ ಕೊಡುವುದಿಲ್ಲ’ ಎಂದರು. ತಿದ್ದಿ ತನ್ನಿ ಎನ್ನುತ್ತಾರೆ. ಯಾವ ಪುಟ ತಿದ್ದಲಿ?
— ಪಿಎಚ್.ಡಿ. ವಿದ್ಯಾರ್ಥಿನಿ

ಉತ್ತರ: ವರದಿ ನೋಡದೆ ತಿದ್ದಲು ಯಾರಿಂದಲೂ ಆಗದು. ಅದನ್ನು ಕೇಳುವುದಕ್ಕೆ ನಿಮಗೆ ಗಟ್ಟಿ ಆಧಾರವೂ ಇದೆ. ಹೋಲಿಕೆ ಪತ್ತೆ ಮಾಡುವ ವ್ಯವಸ್ಥೆ ಸಂಶೋಧನೆಯಲ್ಲಿ ತೊಡಗಿದ ಎಲ್ಲರಿಗೂ, ವಿದ್ಯಾರ್ಥಿಗಳೂ ಸೇರಿ, ಬಳಸಲು ಸಿಗುವಂತಿರಬೇಕು ಎಂದು ನಿಯಮಾವಳಿ ಹೇಳುತ್ತದೆ. ಪ್ರಬಂಧದ ಜೊತೆ ನೀವು ಕೊಡುವ ಮುಚ್ಚಳಿಕೆಯಲ್ಲಿ ‘ಸಂಸ್ಥೆ ಒಪ್ಪಿದ ಸಾಫ್ಟ್‌ವೇರ್‌ನಲ್ಲಿ ಪರಿಶೀಲಿಸಲಾಗಿದೆ’ ಎಂಬ ಮಾತು ಇರಬೇಕೆಂಬುದೂ ಅದರದೇ ಷರತ್ತು. ಕಣ್ಣಿಗೇ ಬೀಳದ ವರದಿಯ ಮೇಲೆ ನಿಮ್ಮಿಂದ ಸಹಿ ಹಾಕಿಸಿಕೊಳ್ಳುವುದು ಹೇಗೆ ಸರಿಯಾಗುತ್ತದೆ?

ಮೊದಲು ಶೇ. 31 ಎಂದರೆ ಏನು ಎಂಬುದು ಸ್ಪಷ್ಟವಾಗಲಿ. ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. 10ರ ಮೇಲೆ 40ರವರೆಗೆ ಮೊದಲ ಹಂತ: ಗೊತ್ತುಪಡಿಸಿದ ಅವಧಿಯೊಳಗೆ, ಹೆಚ್ಚೆಂದರೆ 6 ತಿಂಗಳೊಳಗೆ, ತಿದ್ದಿದ ಪ್ರತಿ ಕೊಡಬೇಕು. 40ರ ಮೇಲೆ 60ರವರೆಗೆ ಎರಡನೇ ಹಂತ: ಒಂದು ವರ್ಷ ತಿದ್ದಿದ ಪ್ರತಿ ಕೊಡುವಂತಿಲ್ಲ. 60 ದಾಟಿದರೆ ನೋಂದಣಿ ರದ್ದು. ಆದರೆ ಈ ಶೇಕಡಾ ಲೆಕ್ಕ ಹಾಕುವ ಮೊದಲು ಕೆಲವನ್ನು ಬಿಡಬೇಕು. ಆಕರ ತಿಳಿಸಿ ಉದ್ಧರಿಸಿದ ಭಾಗ, ಗ್ರಂಥಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ, ಸಾಮಾನ್ಯ ಪಾರಿಭಾಷಿಕ ಪದಗಳು, ಕಾನೂನಿನ ಪಾಠ, ಪ್ರಮಾಣಿತ ಚಿಹ್ನೆ ಮತ್ತು ಸಮೀಕರಣಗಳು ಲೆಕ್ಕಕ್ಕೆ ಬರುವುದಿಲ್ಲ. ಸಾಮಾನ್ಯ ತಿಳಿವಳಿಕೆಯ ಮಾತು ಅಥವಾ ಕಾಕತಾಳೀಯವಾಗಿ ಹೊಂದುವ ಮಾತು ಸತತ 14 ಪದಗಳವರೆಗೆ ಇದ್ದರೆ ಅದನ್ನೂ ಬಿಡಬೇಕು. ಇದನ್ನೆಲ್ಲ ಬಿಟ್ಟ ಮೇಲೆ ಬಂದದ್ದು 31 ಆಗಿದ್ದರೆ ನೀವು ಮೊದಲ ಹಂತದಲ್ಲಿದ್ದೀರಿ. ಏನನ್ನೂ ಬಿಡದೆ ಬಂದದ್ದಾದರೆ ಆ ಅಂಕಿ ನಿಯಮಾವಳಿಯ ಲೆಕ್ಕದ್ದೇ ಅಲ್ಲ. ನಿಮ್ಮ ವಿಷಯದಲ್ಲಿ ಯಾವುದು ನಿಜ ಎಂದು ತಿಳಿಯಲು ಇರುವ ದಾರಿ ವರದಿ ನೋಡುವುದೊಂದೇ.

ಫೋನಿನಲ್ಲಿ ನಡೆದ ಮಾತಿಗೆ ಲೆಕ್ಕವಿಲ್ಲ. ಇಂದೇ ವಿಭಾಗದ ಮುಖ್ಯಸ್ಥರಿಗೆ ಒಂದು ಪತ್ರ ಬರೆಯಿರಿ, ಪ್ರತಿಯನ್ನು ಮಾರ್ಗದರ್ಶಕರಿಗೂ ಕುಲಸಚಿವರಿಗೂ ಕಳಿಸಿ. ಕೇಳಬೇಕಾದ್ದು ಇಷ್ಟು: ಪೂರ್ಣ ವರದಿ, ಅಂದರೆ ಹೊಂದಿದ ಭಾಗಕ್ಕೆ ಬಣ್ಣ ಹಚ್ಚಿದ ಪಾಠ ಮತ್ತು ಆಕರಗಳ ಪಟ್ಟಿ ಎರಡೂ, ಯಾವ ಸಾಫ್ಟ್‌ವೇರ್, ಯಾವ ದಿನ, ಉದ್ಧರಣೆ, ಗ್ರಂಥಸೂಚಿ, ಸಣ್ಣ ಹೋಲಿಕೆಗಳನ್ನು ಬಿಡುವ ಆಯ್ಕೆಗಳು ಚಾಲೂ ಇದ್ದವೋ ಇಲ್ಲವೋ, ಯಾವ ಫೈಲನ್ನು ಏರಿಸಲಾಯಿತು. ಕೊನೆಯದನ್ನು ಮರೆಯಬೇಡಿ. ಹಳೆಯ ಕರಡನ್ನು ಏರಿಸಿ ಹೊಸ ಪ್ರತಿಯ ಮೇಲೆ ತೀರ್ಮಾನ ಹೇಳುವ ತಪ್ಪು ಆಗುತ್ತಿರುತ್ತದೆ. ಟಪಾಲು ವಿಭಾಗದಲ್ಲಿ ಪತ್ರ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮುದ್ರೆ, ತಾರೀಖು ಹಾಕಿಸಿಕೊಳ್ಳಿ.

ವಿಷಯ ಆರೋಪದ ಮಟ್ಟಕ್ಕೆ ಹೋದರೆ ಅದನ್ನು ಒಬ್ಬರೇ ತೀರ್ಮಾನಿಸುವಂತಿಲ್ಲ. ಮೊದಲು ವಿಭಾಗ ಮಟ್ಟದ ಸಮಿತಿ. ಅದರಲ್ಲಿ ಮೂವರು: ವಿಭಾಗದ ಮುಖ್ಯಸ್ಥರು, ಬೇರೆ ವಿಭಾಗದ ಒಬ್ಬ ಹಿರಿಯ ಪ್ರಾಧ್ಯಾಪಕರು, ಇಂಥ ಸಾಫ್ಟ್‌ವೇರ್ ಚೆನ್ನಾಗಿ ಬಲ್ಲ ಒಬ್ಬರು. ಅದು 45 ದಿನಗಳೊಳಗೆ ಸಂಸ್ಥೆ ಮಟ್ಟದ ಸಮಿತಿಗೆ ವರದಿ ಕೊಡಬೇಕು; ಸಂಸ್ಥೆ ಮಟ್ಟದ ಸಮಿತಿಗೂ 45 ದಿನ. ಅದರಲ್ಲಿ ನಾಲ್ವರಿದ್ದು ಒಬ್ಬರು ಹೊರಗಿನವರಾಗಿರಬೇಕು, ಎರಡಕ್ಕೂ ಒಬ್ಬರೇ ಅಧ್ಯಕ್ಷರಾಗುವಂತಿಲ್ಲ. ಸಂಸ್ಥೆಯ ಸಮಿತಿ ತನ್ನ ವರದಿಯ ಪ್ರತಿಯನ್ನು ಆರೋಪಕ್ಕೆ ಒಳಗಾದವರಿಗೂ ಕೊಡಬೇಕು. ತಪ್ಪು ಸಂದೇಹಕ್ಕೆಡೆಯಿಲ್ಲದಂತೆ ಸಾಬೀತಾಗಿ, ಮೇಲ್ಮನವಿಯ ದಾರಿಗಳೆಲ್ಲ ಮುಗಿದು, ತನ್ನ ಪರ ಹೇಳಿಕೊಳ್ಳಲು ಸಾಕಷ್ಟು ಅವಕಾಶ ಕೊಟ್ಟ ಮೇಲಷ್ಟೇ ದಂಡನೆ ಎಂಬುದು ನಿಯಮಾವಳಿಯ ಮಾತು. ನಿಮ್ಮ ಪತ್ರದಲ್ಲಿ ಈ ಸಾಲನ್ನು ಹಾಗೇ ಎತ್ತಿ ಬರೆಯಿರಿ.

ಪ್ರಶ್ನೆ: ಒಂದೇ ಫೈಲು. ಗ್ರಂಥಾಲಯದಲ್ಲಿ ಶೇ. 31, ಸ್ನೇಹಿತನ ಕಾಲೇಜಿನಲ್ಲಿ ಶೇ. 8. ಯಾವುದನ್ನು ನಂಬುವುದು?
— ವಾಣಿಜ್ಯಶಾಸ್ತ್ರ ಸಂಶೋಧನಾರ್ಥಿ

ಉತ್ತರ: ಎರಡೂ ಅವುಗಳದೇ ಲೆಕ್ಕದಲ್ಲಿ ಸರಿ ಇರಬಹುದು. ಹೇಗೆ ಎಂದು ಲೆಕ್ಕ ಹಾಕಿಯೇ ನೋಡೋಣ. ಪ್ರಬಂಧ 60,000 ಪದಗಳದ್ದು ಎಂದಿಟ್ಟುಕೊಳ್ಳಿ. ಎಲ್ಲಿಯಾದರೂ ಹೊಂದಿದ ಪದಗಳು 18,600. ಭಾಗಿಸಿದರೆ ಶೇ. 31. ಈ 18,600ರಲ್ಲಿ ಗ್ರಂಥಸೂಚಿಯವೇ 4,200, ಉದ್ಧರಣೆಗಳವು 4,000, ಹದಿನಾಲ್ಕು ಪದ ಮೀರದ ಚೂರುಪಾರು ಹೋಲಿಕೆಗಳು 6,400. ಇವನ್ನು ಕಳೆದರೆ ಉಳಿಯುವುದು 4,000. ಗ್ರಂಥಸೂಚಿಯ ಒಟ್ಟು 4,800 ಪದ ಮತ್ತು ಉದ್ಧರಣೆಯ 4,000 ಪದಗಳನ್ನು ಪ್ರಬಂಧದ 60,000 ಪದಗಳಿಂದಲೂ ತೆಗೆದರೆ 51,200. ಈಗ 4,000ವನ್ನು 51,200ರಿಂದ ಭಾಗಿಸಿ: ಶೇ. 7.8. ಒಂದಕ್ಷರವೂ ಬದಲಾಗದ ಪ್ರಬಂಧ ದಂಡನೆಯ ಹಂತದಿಂದ ದಂಡನೆಯಿಲ್ಲದ ಹಂತಕ್ಕೆ ಇಳಿಯಿತು. ಬದಲಾದದ್ದು ಮೂರು ಆಯ್ಕೆಗಳು ಮಾತ್ರ.

ಎರಡನೇ ಕಾರಣ ಸಂಗ್ರಹ. ಯಾವ ಸಾಫ್ಟ್‌ವೇರೂ ಲೋಕದ ಎಲ್ಲ ಬರಹವನ್ನು ಓದಿರುವುದಿಲ್ಲ. ಒಂದಕ್ಕೆ ಅಂತರಜಾಲದ ಪುಟಗಳು ಹೆಚ್ಚು, ಇನ್ನೊಂದಕ್ಕೆ ಪತ್ರಿಕಾ ಲೇಖನಗಳು, ಮತ್ತೊಂದಕ್ಕೆ ವಿದ್ಯಾರ್ಥಿಗಳ ಹಳೆಯ ಪ್ರಬಂಧಗಳು. ತನ್ನ ಸಂಗ್ರಹದಲ್ಲಿ ಇಲ್ಲದ್ದು ಅದಕ್ಕೆ ಕಾಣುವುದಿಲ್ಲ.

ಮೂರನೆಯದು ಹೋಲಿಸುವ ಬಗೆ. ಇಂಥ ಬಹಳಷ್ಟು ಸಾಫ್ಟ್‌ವೇರುಗಳು ಬರಹವನ್ನು ಒಂದರ ಮೇಲೊಂದು ಹಾಯುವ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಒಂದು ಸಂಖ್ಯೆ ಕೊಟ್ಟು, ಆ ಸಂಖ್ಯೆಗಳನ್ನು ಸಂಗ್ರಹದೊಡನೆ ತಾಳೆ ನೋಡುತ್ತವೆ. ‘ಹನ್ನೆರಡನೆಯ ಶತಮಾನದ ವಚನ ಚಳವಳಿ ಕನ್ನಡ ಸಾಹಿತ್ಯದ ದಿಕ್ಕನ್ನು ಬದಲಿಸಿತು’ ಎಂಬ ಎಂಟು ಪದಗಳ ವಾಕ್ಯವನ್ನು ಐದೈದು ಪದಗಳಾಗಿ ಕತ್ತರಿಸಿದರೆ ನಾಲ್ಕು ತುಂಡು ಸಿಗುತ್ತವೆ: ‘ಹನ್ನೆರಡನೆಯ’ದಿಂದ ‘ಕನ್ನಡ’ದವರೆಗೆ ಒಂದು, ‘ಶತಮಾನದ’ದಿಂದ ‘ಸಾಹಿತ್ಯದ’ವರೆಗೆ ಇನ್ನೊಂದು, ಹೀಗೆ. ಮೊದಲ ಪದ ಬದಲಿಸಿದರೆ ಒಂದು ತುಂಡು ಮಾತ್ರ ತಪ್ಪುತ್ತದೆ. ಐದನೆಯ ಪದವಾದ ‘ಕನ್ನಡ’ ನಾಲ್ಕರಲ್ಲೂ ಇರುವುದರಿಂದ ಅದೊಂದನ್ನು ಬದಲಿಸಿದರೆ ನಾಲ್ಕೂ ತಪ್ಪಿಹೋಗುತ್ತವೆ. ತುಂಡು ಎಷ್ಟು ಪದಗಳದ್ದು ಎಂಬುದು ಒಂದೊಂದು ಸಾಫ್ಟ್‌ವೇರ್‌ನಲ್ಲಿ ಒಂದೊಂದು ರೀತಿ. ಹಾಗಾಗಿ ಅಂಕಿಯೂ ಬೇರೆ. ಇದನ್ನು ತಿಳಿದು ಪದ ಬದಲಿಸಿ ತಪ್ಪಿಸಿಕೊಳ್ಳುವ ಯೋಚನೆ ಯಾರೂ ಮಾಡಬಾರದು. ವಿಚಾರ ಬೇರೆಯವರದಾಗಿ ಹೆಸರು ಹೇಳದಿದ್ದರೆ ಅಂಕಿ ಸೊನ್ನೆ ಬಂದರೂ ಅದು ಕೃತಿಚೌರ್ಯವೇ.

ಯಾವುದನ್ನು ನಂಬುವುದು ಎಂದು ಕೇಳಿದ್ದೀರಿ. ನಿಮ್ಮ ವಿಶ್ವವಿದ್ಯಾಲಯ ಒಪ್ಪಿದ ಸಾಫ್ಟ್‌ವೇರ್‌ನ, ನಿಯಮಾವಳಿ ಹೇಳಿದ್ದನ್ನೆಲ್ಲ ಬಿಟ್ಟು ತೆಗೆದ ವರದಿಯನ್ನು. ಅದರಲ್ಲೂ ಮೊದಲು ನೋಡಬೇಕಾದ್ದು ಒಟ್ಟು ಶೇಕಡಾ ಅಲ್ಲ, ಒಂದೇ ಆಕರದಿಂದ ಎಷ್ಟು ಬಂದಿದೆ ಎಂಬುದು. ನೂರು ಆಕರಗಳಿಂದ ಚೂರುಚೂರು ಸೇರಿ ಆದ ಶೇ. 15 ಬಹುಮಟ್ಟಿಗೆ ವಿಷಯದ ಸಾಮಾನ್ಯ ಭಾಷೆ. ಒಂದೇ ಲೇಖನದಿಂದ ಬಂದ ಶೇ. 6 ಎಂದರೆ ಪುಟಗಟ್ಟಲೆ ಎತ್ತಿದ್ದಾರೆ. ನಮ್ಮ ಮಟ್ಟಿಗೆ ಎರಡನೆಯದೇ ಹೆಚ್ಚು ಗಂಭೀರ.

ಪ್ರಶ್ನೆ: ಕನ್ನಡದಲ್ಲಿ ಬರೆದ ಪ್ರಬಂಧ ನನ್ನದು. ಮೊದಲ ಸಲ ಪರಿಶೀಲಿಸಿದಾಗ ಸೊನ್ನೆ ಬಂತು. ಯೂನಿಕೋಡ್‌ಗೆ ಬದಲಿಸಿ ಕೊಟ್ಟಾಗ ಶೇ. 46! ಬಂದದ್ದರಲ್ಲಿ ಬಹುಪಾಲು ವಚನಗಳು.
— ಕನ್ನಡ ಎಂ.ಫಿಲ್. ಮುಗಿಸಿ ಪಿಎಚ್.ಡಿ. ಮಾಡುತ್ತಿರುವವರು

ಉತ್ತರ: ಸೊನ್ನೆಯೂ ಸುಳ್ಳು, 46ನ್ನೂ ಹಾಗೇ ಒಪ್ಪಬೇಕಾಗಿಲ್ಲ.

ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡಿದ ಫೈಲು ತೆರೆ ಮೇಲೆ ಕನ್ನಡದಂತೆ ಕಂಡರೂ ಒಳಗೆ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಗೋಜಲು. ಸಾಫ್ಟ್‌ವೇರ್ ಓದುವುದು ಆ ಗೋಜಲನ್ನು. ಅದಕ್ಕೆ ಹೊಂದುವುದು ಏನೂ ಸಿಗುವುದಿಲ್ಲ, ಸೊನ್ನೆ ಬರುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಂತೂ ಇರುವುದು ಚಿತ್ರ ಮಾತ್ರ. ಪರೀಕ್ಷಿಸುವುದು ಸುಲಭ: ಒಂದು ಪ್ಯಾರಾ ನಕಲು ಮಾಡಿ ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ. ಕನ್ನಡ ಕನ್ನಡವಾಗಿಯೇ ಬಂದರೆ ಸರಿ. ಯೂನಿಕೋಡ್ ಪಿಡಿಎಫ್‌ನಲ್ಲೂ ಒತ್ತಕ್ಷರ, ಸ್ವರಚಿಹ್ನೆಗಳು ಸ್ಥಾನ ಪಲ್ಲಟವಾಗಿ ಹೊರಬರುವುದುಂಟು. ಆದ್ದರಿಂದ ವರ್ಡ್ ಫೈಲನ್ನೇ ಏರಿಸಿ ಎಂದು ಕೇಳಿ. ಪರಿವರ್ತಕದಲ್ಲಿ ಹಾಕಿ ತೆಗೆದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು, ಅಂಕಿಗಳನ್ನು, ಉದ್ಧರಣ ಚಿಹ್ನೆಗಳನ್ನು ಒಮ್ಮೆ ಕಣ್ಣಾಡಿಸಿ ಸರಿಮಾಡಿ. ತಪ್ಪುವುದು ಹೆಚ್ಚಾಗಿ ಅಲ್ಲೇ. ಇನ್ನೊಂದು ಸೂಕ್ಷ್ಮವೂ ಇದೆ. ‘ಕೊ’ ಎಂಬ ಅಕ್ಷರವನ್ನು ‘ಕ’ದ ಜೊತೆ ಒಂದೇ ಸ್ವರಚಿಹ್ನೆಯ ಸಂಕೇತವಾಗಿಯೂ ಎರಡು ಸಂಕೇತಗಳಾಗಿಯೂ ಇಡಬಹುದು. ಕಣ್ಣಿಗೆ ಒಂದೇ. ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳದ ಸಾಫ್ಟ್‌ವೇರ್‌ಗೆ ಅವು ಬೇರೆ ಬೇರೆ ಪದ.

ಈಗ 46ರ ಮಾತು. ಬಸವಣ್ಣನವರ ವಚನ ಯಾರ ಪ್ರಬಂಧದಲ್ಲಿದ್ದರೂ ಅದೇ ಪದಗಳು, ಅದೇ ಅನುಕ್ರಮ. ಅದು ಹೊಂದದಿದ್ದರೆ ನೀವು ತಪ್ಪು ಬರೆದಿದ್ದೀರಿ ಎಂದರ್ಥ! ಆಕರ ಹೇಳಿ ಉದ್ಧರಿಸಿದ್ದರೆ ಅದನ್ನು ಬಿಡಲೇಬೇಕು. ಸಾಫ್ಟ್‌ವೇರ್ ಬಿಡುವುದಿಲ್ಲ ಏಕೆಂದರೆ ಕನ್ನಡ ಪ್ರಬಂಧಗಳಲ್ಲಿ ವಚನ, ಷಟ್ಪದಿಗಳನ್ನು ಉದ್ಧರಣ ಚಿಹ್ನೆಯಿಲ್ಲದೆ ಒಳಕ್ಕೆ ಸರಿಸಿ ಅಚ್ಚು ಮಾಡುವುದು ವಾಡಿಕೆ. ಯಂತ್ರ ಹುಡುಕುವುದು ಚಿಹ್ನೆಯನ್ನು. ಪರಿಶೀಲನೆಗೆ ಕೊಡುವ ಪ್ರತಿಯಲ್ಲಿ ಪ್ರತಿ ಪದ್ಯದ ಆದಿ ಅಂತ್ಯಕ್ಕೆ ಜೋಡಿ ಉದ್ಧರಣ ಚಿಹ್ನೆ ಹಾಕಿ. ಒಂದು ಕಡೆ ಮುಚ್ಚುವ ಚಿಹ್ನೆ ಬಿಟ್ಟುಹೋದರೂ ಉದ್ಧರಣೆ ಎಲ್ಲಿ ಮುಗಿಯಿತೆಂದು ಯಂತ್ರಕ್ಕೆ ಗೊತ್ತಾಗದು. ಗ್ರಂಥಸೂಚಿಗೂ ಇದೇ ಪಾಡು: ‘ಗ್ರಂಥಋಣ’, ‘ಆಕರ ಗ್ರಂಥಗಳು’ ಎಂಬ ಶೀರ್ಷಿಕೆಗಳು ಇಂಗ್ಲಿಷ್ ಶೀರ್ಷಿಕೆ ಹುಡುಕುವ ಸಾಫ್ಟ್‌ವೇರ್‌ಗೆ ತಿಳಿಯುವುದಿಲ್ಲ. ಗ್ರಂಥಸೂಚಿಯನ್ನು ಬೇರೆ ಫೈಲ್ ಮಾಡಿ, ಮುಖ್ಯ ಪಾಠ ಮಾತ್ರ ಪರಿಶೀಲನೆಗೆ ಕೊಡಲು ಗ್ರಂಥಪಾಲಕರ ಒಪ್ಪಿಗೆ ಪಡೆಯಿರಿ. ಬಿಟ್ಟ ಪುಟಗಳ ಸಂಖ್ಯೆಯನ್ನು ವರದಿಯ ಜೊತೆ ಬರೆದಿಡಿ, ಮುಚ್ಚಿಟ್ಟಿರಿ ಎಂಬ ಮಾತು ಮುಂದೆ ಬರದಿರಲಿ.

ಹದಿನಾಲ್ಕು ಪದಗಳ ಮಿತಿ ಕನ್ನಡಕ್ಕೆ ಹೊಂದುತ್ತದೆಯೇ ಎಂಬುದನ್ನೂ ನಿಮ್ಮ ಅಧ್ಯಯನ ಮಂಡಳಿ ಚರ್ಚಿಸಬೇಕು. ‘ಬರೆದುಕೊಂಡುಬರಬೇಕಾಗಿತ್ತು’ ನಮಗೆ ಒಂದು ಪದ, ಇಂಗ್ಲಿಷಿನಲ್ಲಿ ಐದಾರು. ಹದಿನಾಲ್ಕು ಕನ್ನಡ ಪದಗಳಲ್ಲಿ ಒಂದೆರಡು ಪೂರ್ತಿ ವಾಕ್ಯಗಳೇ ಅಡಗುತ್ತವೆ. ಅಂದರೆ ಕನ್ನಡದಲ್ಲಿ ಈ ಮಿತಿ ನಿಜವಾಗಿ ಎತ್ತಿದ ವಾಕ್ಯವನ್ನೂ ಬಿಟ್ಟುಬಿಡಬಹುದು. ನ್ಯಾಯ ಎರಡೂ ಕಡೆಗೆ ಬೇಕು.

ಪ್ರಶ್ನೆ: ಸಲ್ಲಿಸುವ ಮೊದಲು ಹೊರಗಿನ ಜೆರಾಕ್ಸ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಚೆಕ್ ಮಾಡಿಸಿದೆ. ಈಗ ವಿಶ್ವವಿದ್ಯಾಲಯದಲ್ಲಿ ಶೇ. 96 ಎಂದು ಬಂದಿದೆ. ನನ್ನ ಪ್ರಬಂಧ ನನ್ನದೇ.
— ಗಾಬರಿಗೊಂಡ ವಿದ್ಯಾರ್ಥಿ

ಉತ್ತರ: ಗಾಬರಿ ಬೇಡ, ಇದು ಬಿಡಿಸಬಹುದಾದ ಗಂಟು. ಹೊರಗೆ ಪರಿಶೀಲಿಸಿದವರು ನಿಮ್ಮ ಫೈಲು ಸಂಗ್ರಹದಲ್ಲಿ ಉಳಿಯುವಂತೆ ಏರಿಸಿರಬೇಕು. ಈಗ ನಿಮ್ಮ ಪ್ರಬಂಧ ನಿಮ್ಮ ಪ್ರಬಂಧಕ್ಕೇ ಹೊಂದುತ್ತಿರಬೇಕು. ಟರ್ನಿಟಿನ್‌ನಂಥ ಪತ್ತೆ ಸಾಫ್ಟ್‌ವೇರುಗಳಲ್ಲಿ ‘ಸಂಗ್ರಹಕ್ಕೆ ಸೇರಿಸಬೇಡ’ ಎಂಬ ಆಯ್ಕೆ ಇದೆ. ಅಂಗಡಿಯವರು ಅದನ್ನು ಒತ್ತಿದರೋ ಇಲ್ಲವೋ ನಿಮಗೆ ತಿಳಿಯುವ ದಾರಿಯಿಲ್ಲ.

ವರದಿಯ ಆಕರಪಟ್ಟಿಯಲ್ಲಿ ಮೊದಲ ಸಾಲು ನೋಡಿ. ಯಾವುದೋ ಸಂಸ್ಥೆಗೆ ಸಲ್ಲಿಸಿದ ‘ವಿದ್ಯಾರ್ಥಿ ಬರಹ’ ಎಂದಿದ್ದು, ಏರಿಸಿದ ದಿನ ನೀವು ಅಂಗಡಿಗೆ ಹೋದ ದಿನಕ್ಕೆ ಹೊಂದಿದರೆ ವಿಷಯ ಖಚಿತ. ಮಾರ್ಗದರ್ಶಕರ ಮೂಲಕ ಆ ಒಂದು ಆಕರವನ್ನು ಬಿಟ್ಟು ಲೆಕ್ಕ ಹಾಕಿಸಿ, ಎರಡೂ ಅಂಕಿಗಳಿರುವ ವರದಿಯನ್ನು ದಾಖಲೆಗೆ ಸೇರಿಸಿ. ಅಂಗಡಿಯ ರಸೀದಿ, ನೀವು ಫೈಲು ಕಳಿಸಿದ ಮಿಂಚಂಚೆ ಅಥವಾ ವಾಟ್ಸಾಪ್ ಸಂದೇಶ, ಫೈಲಿನ ಹಳೆಯ ಆವೃತ್ತಿಗಳು ಇವೇ ನಿಮ್ಮ ಸಾಕ್ಷಿ.

ಇನ್ನು ಮುಂದೆ ಹೊರಗೆ ಹೋಗಬೇಡಿ. ಇನ್‌ಫ್ಲಿಬ್‌ನೆಟ್ (ವಿಶ್ವವಿದ್ಯಾಲಯ ಗ್ರಂಥಾಲಯಗಳನ್ನು ಜೋಡಿಸುವ ಯುಜಿಸಿಯ ಕೇಂದ್ರ) ನಡೆಸುವ ‘ಶೋಧಶುದ್ಧಿ’ ಯೋಜನೆ 2019ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ಮೊದಲು ಉರ್ಕುಂಡ್, ನಂತರ ಡ್ರಿಲ್‌ಬಿಟ್ ಸಾಫ್ಟ್‌ವೇರ್ ಅದರ ಮೂಲಕ ವಿಶ್ವವಿದ್ಯಾಲಯಗಳಿಗೆ ಸಿಕ್ಕಿದೆ. ಗ್ರಂಥಾಲಯದಲ್ಲಿ ಖಾತೆಯ ಹೊಣೆ ಹೊತ್ತವರು ಯಾರು ಎಂದು ಕೇಳಿ. ಕರಡು ಹಂತದ ಪರಿಶೀಲನೆಯನ್ನು ಸಂಗ್ರಹಕ್ಕೆ ಸೇರಿಸದೆ ಮಾಡಿಕೊಡಿ ಎಂದು ಬರಹದಲ್ಲೇ ಕೇಳಿಕೊಳ್ಳಿ.

ಪ್ರಶ್ನೆ: ನಾನೇ ಪ್ರಕಟಿಸಿದ ಲೇಖನ ನನ್ನ ಪ್ರಬಂಧಕ್ಕೆ ಶೇ. 12 ಹೊಂದುತ್ತಿದೆ. ಇದೂ ಕಳ್ಳತನವೇ?
— ಸಸ್ಯಶಾಸ್ತ್ರ ಸಂಶೋಧನಾರ್ಥಿ

ಉತ್ತರ: ಮುಚ್ಚಿಟ್ಟರೆ ತಪ್ಪು, ಹೇಳಿದರೆ ಅಲ್ಲ. ತನ್ನದೇ ಬರಹವನ್ನು ಹೇಳದೆ ಮರುಬಳಸುವುದು ಒಪ್ಪತಕ್ಕದ್ದಲ್ಲ ಎಂದು ಯುಜಿಸಿ 2020ರ ಏಪ್ರಿಲ್‌ನ ಪ್ರಕಟಣೆಯಲ್ಲಿ ತಿಳಿಸಿದೆ. ಅಧ್ಯಾಯದ ಮೊದಲ ಪುಟದ ಅಡಿಟಿಪ್ಪಣಿಯಲ್ಲಿ ಲೇಖನದ ಶೀರ್ಷಿಕೆ, ಪತ್ರಿಕೆ, ಸಂಪುಟ, ವರ್ಷ ಕೊಡಿ. ಲೇಖನದ ಮೊದಲ ಪುಟದ ನಕಲು ಮತ್ತು ‘ಇದು ಇದೇ ಸಂಶೋಧನೆಯಿಂದ ಹೊರಬಂದದ್ದು’ ಎಂಬ ಮಾರ್ಗದರ್ಶಕರ ಪತ್ರ ಲಗತ್ತಿಸಿ, ಆ ಆಕರವನ್ನು ಬಿಟ್ಟು ಇನ್ನೊಂದು ವರದಿ ತೆಗೆಸಿ. ಸಹಲೇಖಕರಿದ್ದರೆ ಅವರ ಒಪ್ಪಿಗೆಯೂ ಬೇಕು.

ಪ್ರಶ್ನೆ: ಎಂ.ಎ. ಅಸೈನ್‌ಮೆಂಟಿನಲ್ಲಿ ಶೇ. 42 ಬಂತೆಂದು ಒಂದು ವರ್ಷ ಹೊರಗಿಡುತ್ತೇವೆ ಎನ್ನುತ್ತಿದ್ದಾರೆ. ಯುಜಿಸಿ ನಿಯಮವಂತೆ.

ಉತ್ತರ: ಅಲ್ಲ. ನಿಯಮಾವಳಿಯ ವ್ಯಾಖ್ಯೆಯಲ್ಲೇ ಅಸೈನ್‌ಮೆಂಟ್, ಟರ್ಮ್ ಪೇಪರ್, ಪ್ರಾಜೆಕ್ಟ್ ವರದಿ, ಕೋರ್ಸ್‌ವರ್ಕ್, ಪ್ರಬಂಧ ಬರಹ, ಉತ್ತರ ಪತ್ರಿಕೆಗಳನ್ನು ಹೊರಗಿಟ್ಟಿದ್ದಾರೆ. ಸ್ನಾತಕೋತ್ತರ ಪದವಿಗಾಗಿ ಸಲ್ಲಿಸುವ ಡಿಸರ್ಟೇಶನ್ ಒಳಗೆ ಬರುತ್ತದೆ. ನಿಮ್ಮ ವಿಶ್ವವಿದ್ಯಾಲಯಕ್ಕೆ ಅಸೈನ್‌ಮೆಂಟಿನ ಬಗ್ಗೆ ತನ್ನದೇ ನಿಯಮ ಇರಬಹುದು. ಹಾಗಿದ್ದರೆ ಆ ನಿಯಮದ ಪ್ರತಿ, ಅದು ಯಾವ ಸಭೆಯಲ್ಲಿ ಒಪ್ಪಿಗೆಯಾಯಿತು ಎಂಬ ವಿವರ ಕೇಳಿ.

ಪ್ರಶ್ನೆ: ಪತ್ರ ಬರೆದು ಎರಡು ತಿಂಗಳಾಯಿತು, ಉತ್ತರವಿಲ್ಲ. ಮಾಹಿತಿ ಹಕ್ಕಿನಲ್ಲಿ ಕೇಳಬಹುದೇ? ಹೇಗೆ ಬರೆಯಬೇಕು?
— ಸಮಾಜಶಾಸ್ತ್ರ ವಿದ್ಯಾರ್ಥಿಗಳ ಗುಂಪು

ಉತ್ತರ: ಸರ್ಕಾರಿ ವಿಶ್ವವಿದ್ಯಾಲಯವಾದರೆ ಖಂಡಿತ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿದ್ದಾಗಿ ಸಾಮಾನ್ಯವಾಗಿ 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಕೇಂದ್ರದ 2012ರ ನಿಯಮ ಅನ್ವಯ. ಅಲ್ಲಿ 500 ಪದ, ಶುಲ್ಕ ಅಷ್ಟೇ. ಹೀಗಾಗಿ ಎಲ್ಲವನ್ನೂ ಒಂದರಲ್ಲೇ ತುರುಕಬೇಡಿ. ಎರಡು ಅರ್ಜಿ ಮಾಡಿ.

ಮೊದಲನೆಯದು, ಪ್ರಬಂಧ ಬರೆದವರ ಹೆಸರಲ್ಲಿ: ‘ನಾನು ಇಂಥ ದಿನ ಸಲ್ಲಿಸಿದ, ಇಂಥ ನೋಂದಣಿ ಸಂಖ್ಯೆಯ ಮಹಾಪ್ರಬಂಧಕ್ಕೆ ಸಂಬಂಧಿಸಿ ಈ ದಾಖಲೆಗಳ ದೃಢೀಕೃತ ಪ್ರತಿ ಕೊಡಿ. 1. ಹೋಲಿಕೆ ಪರಿಶೀಲನೆಯ ಪೂರ್ಣ ವರದಿ, ಆಕರಪಟ್ಟಿ ಮತ್ತು ಬಿಟ್ಟ ಅಂಶಗಳ ವಿವರ ತೋರಿಸುವ ಪುಟ ಸಹಿತ. 2. ಏರಿಸಿದ ಫೈಲಿನ ಹೆಸರು, ದಿನಾಂಕ, ಸಲ್ಲಿಕೆ ಸಂಖ್ಯೆ ತೋರಿಸುವ ದಾಖಲೆ. 3. ಈ ಪ್ರಬಂಧದ ಬಗ್ಗೆ ವಿಭಾಗ ಮಟ್ಟದ ಸಮಿತಿಯ ಸಭಾ ನಡಾವಳಿ. 4. ನನ್ನ ಮೇಲೆ ಕೈಗೊಂಡ ತೀರ್ಮಾನಕ್ಕೆ ಕಾರಣ ದಾಖಲಿಸಿದ ಟಿಪ್ಪಣಿ ಹಾಳೆ.’

ಎರಡನೆಯದು ನಿಮ್ಮ ಗುಂಪಿನಲ್ಲಿ ಯಾರಾದರೂ ಒಬ್ಬರ ಹೆಸರಲ್ಲಿ: ಕೃತಿಚೌರ್ಯ ನೀತಿಯ ಪ್ರತಿ, ಅದಕ್ಕೆ ಒಪ್ಪಿಗೆ ಕೊಟ್ಟ ಸಭೆಯ ನಡಾವಳಿ, ಎರಡೂ ಸಮಿತಿಗಳ ರಚನೆಯ ಆದೇಶ, ಸಾಫ್ಟ್‌ವೇರ್ ಕಂಪನಿಯೊಡನೆ ಮಾಡಿಕೊಂಡ ಒಪ್ಪಂದದಲ್ಲಿ ವಿದ್ಯಾರ್ಥಿಗಳ ಬರಹವನ್ನು ಎಲ್ಲಿ, ಎಷ್ಟು ಕಾಲ ಇಡುತ್ತಾರೆ ಎಂದು ಹೇಳುವ ಷರತ್ತುಗಳು.

‘ಏಕೆ’, ‘ಹೇಗೆ’ ಎಂದು ಪ್ರಶ್ನೆ ಹಾಕಿದರೆ ಅರ್ಜಿ ಬಿದ್ದುಹೋಗುತ್ತದೆ. ಕಾಯ್ದೆಯಲ್ಲಿ ಸಿಗುವುದು ಕಚೇರಿಯಲ್ಲಿ ಇರುವ ದಾಖಲೆ. ಇಲ್ಲದ್ದನ್ನು ಹೊಸದಾಗಿ ಬರೆದುಕೊಡುವ ಹೊಣೆ ಅಧಿಕಾರಿಗಿಲ್ಲ. ಸಿಬಿಎಸ್‌ಇ ಪ್ರಕರಣದ 2011ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿತು. ಅದೇ ತೀರ್ಪು, ಪರೀಕ್ಷೆ ಬರೆದವನಿಗೆ ತನ್ನ ಮೌಲ್ಯಮಾಪನವಾದ ಉತ್ತರಪತ್ರಿಕೆ ನೋಡುವ ಹಕ್ಕಿದೆ ಎಂದೂ ಹೇಳಿದೆ. ನಿಮ್ಮ ವರದಿಯ ವಿಷಯದಲ್ಲಿ ಇದನ್ನು ಎತ್ತಿ ಹೇಳಿ. ಆಡಳಿತ ತೀರ್ಮಾನಗಳಿಂದ ಬಾಧಿತರಾದವರಿಗೆ ಕಾರಣ ತಿಳಿಸಬೇಕು ಎನ್ನುವ 4(1)(ಡಿ) ಕಲಮೂ ನಿಮ್ಮ ಪರವಾಗಿದೆ.

ಉತ್ತರಕ್ಕೆ 30 ದಿನ. ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಮತ್ತೆ 30 ದಿನಗಳೊಳಗೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ, ಅಲ್ಲಿಂದ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ. ನಿರಾಕರಣೆ ಬಂದರೆ ಹೆಚ್ಚಾಗಿ 8(1)(ಡಿ), ಅಂದರೆ ವಾಣಿಜ್ಯ ಗುಟ್ಟು ಎಂಬ ಕಾರಣ ಕೊಡುತ್ತಾರೆ. ಕಂಪನಿಯ ದರ ಗುಟ್ಟಾಗಿರಬಹುದೇನೋ, ನಿಮ್ಮ ಪ್ರಬಂಧದ ವರದಿ ಕಂಪನಿಯ ಗುಟ್ಟಲ್ಲ. ಗುಟ್ಟಿನ ಭಾಗ ಅಳಿಸಿ ಉಳಿದದ್ದು ಕೊಡಲು 10ನೇ ಕಲಮು ಇದೆ; ಮೇಲ್ಮನವಿಯಲ್ಲಿ ಅದನ್ನೇ ಹಿಡಿಯಿರಿ. ಖಾಸಗಿ ವಿಶ್ವವಿದ್ಯಾಲಯದವರು ಯುಜಿಸಿ ನಿಯಮಾವಳಿಯನ್ನೇ ಮುಂದಿಟ್ಟು ಕೇಳುವುದು ಮೇಲು. ಅದು ದೇಶದ ಎಲ್ಲ ಉನ್ನತ ಶಿಕ್ಷಣ ಸಂಸ್ಥೆಗಳಿಗೂ ಅನ್ವಯಿಸುತ್ತದೆ.

ಪ್ರಶ್ನೆ: ಹೋಲಿಕೆ ಶೇ. 5 ಮಾತ್ರ. ಆದರೆ ‘ಎಐ ಶೇ. 63’ ಎಂದು ಬಂದಿದೆ, ಪ್ರಬಂಧ ತಿರಸ್ಕರಿಸುತ್ತೇವೆ ಎನ್ನುತ್ತಾರೆ. ನಾನೇ ಬರೆದದ್ದು. ಇಂಗ್ಲಿಷ್ ನನ್ನ ಮನೆಮಾತಲ್ಲ.
— ಅರ್ಥಶಾಸ್ತ್ರ ವಿದ್ಯಾರ್ಥಿನಿ

ಉತ್ತರ: ಎರಡು ಅಂಕಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದಾರೆ. ಹೋಲಿಕೆಯ ಅಂಕಿಗೆ ಆಕರವಿದೆ, ತೆರೆದು ನೋಡಬಹುದು. ಎಐ ಅಂಕಿಗೆ, ಅಂದರೆ ಬರಹದ ಎಷ್ಟು ಭಾಗ ಕೃತಕ ಬುದ್ಧಿಮತ್ತೆ ಬರೆದದ್ದು ಎಂಬ ಅಂಕಿಗೆ, ಆಕರವೇ ಇಲ್ಲ. ಮುಂದಿನ ಪದ ಎಷ್ಟು ಸುಲಭವಾಗಿ ಊಹಿಸಬಹುದು ಎಂಬಂಥ ಲಕ್ಷಣಗಳ ಮೇಲೆ ಹಾಕಿದ ಅಂದಾಜು ಅದು. 2018ರ ನಿಯಮಾವಳಿಯ ಹಂತಗಳು ಹೋಲಿಕೆಗೆ ಇರುವಂಥವು. ಚಾಟ್‌ಜಿಪಿಟಿ ಬಂದದ್ದೇ 2022ರ ನವೆಂಬರಿನಲ್ಲಿ.

ನಿಮ್ಮ ಕೊನೆಯ ಮಾತು ಬಹಳ ಮುಖ್ಯ. ಇಂಗ್ಲಿಷ್ ಮನೆಮಾತಲ್ಲದವರು ಸರಳ, ಪರಿಚಿತ ಪದಗಳಲ್ಲಿ ಬರೆಯುತ್ತಾರೆ. ಅದೇ ಯಂತ್ರಕ್ಕೆ ಸಂಶಯ ತರುತ್ತದೆ. ಸ್ಟ್ಯಾನ್‌ಫರ್ಡ್ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗಾಗಿ ಮನುಷ್ಯರೇ ಬರೆದ 91 ಪ್ರಬಂಧಗಳನ್ನು ಏಳು ಪತ್ತೆ ಸಾಧನಗಳಿಗೆ ಕೊಟ್ಟರು. ಸರಾಸರಿ ಶೇ. 61ನ್ನು ಅವು ಎಐ ಬರಹವೆಂದವು. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿ ತನ್ನದೇ ಪತ್ತೆ ಸಾಧನವನ್ನು, ನಿಖರತೆ ಸಾಲದೆಂದು, 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಎಐ ಬರೆದದ್ದರಲ್ಲಿ ಅದು ಹಿಡಿಯುತ್ತಿದ್ದುದು ಶೇ. 26 ಮಾತ್ರ, ಮನುಷ್ಯರು ಬರೆದದ್ದರಲ್ಲಿ ಶೇ. 9ನ್ನು ತಪ್ಪಾಗಿ ಎಐ ಎನ್ನುತ್ತಿತ್ತು. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಅದೇ ಆಗಸ್ಟಿನಲ್ಲಿ ಟರ್ನಿಟಿನ್‌ನ ಎಐ ಪತ್ತೆಯನ್ನು ನಿಲ್ಲಿಸಿ ಲೆಕ್ಕ ಕೊಟ್ಟಿತು: ಹಿಂದಿನ ವರ್ಷ ಅಲ್ಲಿ ಪರಿಶೀಲಿಸಿದ್ದು 75,000 ಬರಹ, ತಪ್ಪು ಶೇ. 1 ಎಂದು ಕಂಪನಿಯೇ ಹೇಳಿದರೂ ಸುಮಾರು 750 ಬರಹಗಳ ಮೇಲೆ ಸುಳ್ಳು ಆರೋಪ ಬರುತ್ತದೆ.

ನೀವು ಮಾಡಬೇಕಾದ್ದು: ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದರೆ ಆವೃತ್ತಿ ಇತಿಹಾಸ ತೆರೆದು ದಿನವಾರು ಚಿತ್ರ ತೆಗೆದಿಡಿ. ವರ್ಡ್ ಆದರೆ ಹಳೆಯ ಫೈಲುಗಳನ್ನು ತಾರೀಖಿನೊಂದಿಗೆ ಒಟ್ಟುಮಾಡಿ. ಕೈಬರಹದ ಟಿಪ್ಪಣಿ, ಪ್ರಶ್ನಾವಳಿ, ದತ್ತಾಂಶದ ಹಾಳೆ, ಮಾರ್ಗದರ್ಶಕರು ತಿದ್ದಿದ ಕರಡುಗಳನ್ನು ಜೊತೆಗಿಡಿ. ನಂತರ ಸಮಿತಿಯ ಮುಂದೆ ಮೌಖಿಕ ಪರೀಕ್ಷೆಗೆ ಸಿದ್ಧ ಎಂದು ಬರೆದುಕೊಡಿ. ಬರೆದವರಿಗೆ ತಮ್ಮ ಕೋಷ್ಟಕದ ಯಾವ ಅಂಕಿ ಏಕೆ ಹಾಗಿದೆ ಎಂದು ಹೇಳಲು ಬರುತ್ತದೆ. ಭಾಷೆ ತಿದ್ದಲು ಯಾವುದಾದರೂ ಸಾಧನ ಬಳಸಿದ್ದರೆ ಅದನ್ನು ಮುಚ್ಚಿಡದೆ ಹೇಳಿ.

ಪ್ರಶ್ನೆ: ನಮ್ಮ ವಿದ್ಯಾರ್ಥಿ ಸಂಘ ಕುಲಪತಿಗಳಿಗೆ ಮನವಿ ಕೊಡಲಿದೆ. ಏನೇನು ಕೇಳಬೇಕು? ‘ಸಾಫ್ಟ್‌ವೇರ್ ಬೇಡ’ ಎನ್ನೋಣವೇ?

ಉತ್ತರ: ಹಾಗೆ ಕೇಳಬೇಡಿ, ಅದು ಪ್ರಾಮಾಣಿಕವಾಗಿ ಬರೆದವರಿಗೂ ನಷ್ಟ. ಹೇಗೆ ಬಳಸುತ್ತಾರೆ ಎಂಬುದನ್ನು ಬಹಿರಂಗ ಮಾಡಿ ಎಂದು ಕೇಳಿ. ಒಪ್ಪಿಗೆಯಾದ ನೀತಿಯನ್ನು ವೆಬ್‌ಸೈಟಿನ ಮುಖಪುಟದಲ್ಲೇ ಹಾಕಬೇಕೆಂದು ನಿಯಮಾವಳಿ ಹೇಳುತ್ತದೆ. ಮೊದಲು ಅದು ಇದೆಯೇ ನೋಡಿ, ಇಲ್ಲದಿದ್ದರೆ ಮನವಿಯ ಮೊದಲ ಸಾಲು ಅದೇ ಆಗಲಿ. ನಂತರ ಈ ಬೇಡಿಕೆಗಳು: ಎಲ್ಲ ವಿಭಾಗಗಳಿಗೂ ಒಂದೇ ಆಯ್ಕೆಗಳ ಪಟ್ಟಿ, ಅದನ್ನು ಪ್ರತಿ ವರದಿಯ ಮೇಲೆ ಅಚ್ಚು ಹಾಕುವುದು. ಅಂತಿಮ ಸಲ್ಲಿಕೆಗೆ ಮುನ್ನ ಕನಿಷ್ಠ ಎರಡು ಸಲ ಕರಡು ಪರಿಶೀಲನೆ, ಸಂಗ್ರಹಕ್ಕೆ ಸೇರಿಸದೆ. ಪೂರ್ಣ ವರದಿ ವಿದ್ಯಾರ್ಥಿಯ ಕೈಗೆ ಮೂರು ಕೆಲಸದ ದಿನಗಳೊಳಗೆ. ಕನ್ನಡ ಪ್ರಬಂಧಗಳಿಗೆ ಕನ್ನಡ ಓದಬಲ್ಲ ಒಬ್ಬರಿಂದ ಸಾಲುಸಾಲು ಪರಿಶೀಲನೆ. ಎಐ ಅಂಕಿಯೊಂದನ್ನೇ ಹಿಡಿದು ಯಾವ ಕ್ರಮವೂ ಇಲ್ಲ.

ಬರಹವನ್ನು ಕಂಪನಿ ಇಟ್ಟುಕೊಳ್ಳುವ ವಿಷಯದಲ್ಲಿ ಹಟ ಬಿಡಬೇಡಿ. ಇದು ಹಳೆಯ ಜಗಳ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಒಬ್ಬ ವಿದ್ಯಾರ್ಥಿ ತನ್ನ ಬರಹವನ್ನು ಟರ್ನಿಟಿನ್‌ಗೆ ಕೊಡಲು ಒಪ್ಪಲಿಲ್ಲ. 2004ರ ಜನವರಿಯಲ್ಲಿ ವಿಶ್ವವಿದ್ಯಾಲಯ ಅವನ ವಾದ ಒಪ್ಪಿ ಹಾಗೆಯೇ ಮೌಲ್ಯಮಾಪನ ಮಾಡಿಸಿತು. ಅಮೆರಿಕದಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳು ನ್ಯಾಯಾಲಯಕ್ಕೆ ಹೋದಾಗ 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಕಂಪನಿಯ ಪರ ತೀರ್ಪು ಕೊಟ್ಟಿತು, ಬರಹ ಇಟ್ಟುಕೊಂಡದ್ದು ಅಲ್ಲಿನ ಕಾನೂನಿನಂತೆ ನ್ಯಾಯಯುತ ಬಳಕೆ ಎಂದಿತು. ಹಾಗಾಗಿ ಕೋರ್ಟಿಗಿಂತ ವಿಶ್ವವಿದ್ಯಾಲಯದ ಒಪ್ಪಂದದಲ್ಲೇ ಇದನ್ನು ಬಗೆಹರಿಸಿಕೊಳ್ಳುವುದು ಲೇಸು. ಒಪ್ಪಂದ ನವೀಕರಣಕ್ಕೆ ಬರುವ ತಿಂಗಳು ಯಾವುದೆಂದು ಗ್ರಂಥಪಾಲಕರಿಂದ ತಿಳಿದು, ಅದಕ್ಕೆ ಎರಡು ತಿಂಗಳು ಮೊದಲೇ ಮನವಿ ಕೊಡಿ. ಸಹಿ ಬಿದ್ದ ಮೇಲೆ ಕೊಟ್ಟ ಮನವಿಗೆ ಮುಂದಿನ ನವೀಕರಣದವರೆಗೂ ಕಾಯಬೇಕಾಗುತ್ತದೆ.